ನಿದ್ದೆ ಗುಳಿಗೆ ಕೇಳುವ ಮೊದಲು ಕೊನೇ ಬೀಡಿಯ ಹೊತ್ತು ಹೇಳಿ

ದಾವಣಗೆರೆಯಲ್ಲಿ ನನ್ನದೊಂದು ಮೆಡಿಕಲ್ ಶಾಪ್. ರಾತ್ರಿ ಶಟರ್ ಎಳೆಯುವ ಹೊತ್ತಿಗೆ ಬರುವ ಕೆಲವು ಗಿರಾಕಿಗಳನ್ನು ದೂರದಿಂದಲೇ ಗುರುತು ಹಿಡಿಯುತ್ತೇನೆ. ನಲವತ್ತೈದು, ಐವತ್ತರ ಗಂಡಸು. ಉಳಿದವರು ಹೋಗಲಿ ಅಂತ ಪಕ್ಕಕ್ಕೆ ನಿಲ್ಲುತ್ತಾರೆ. ಆಮೇಲೆ ಮೆಲ್ಲಗೆ, “ಅಕ್ಕಾರೆ, ನಿದ್ದೀದು ಒಂದು ಗುಳಿಗಿ ಕೊಡ್ರಿ.” ಅವರ ಮಾತಿಗಿಂತ ಮೊದಲೇ ಬೀಡಿ ವಾಸನೆ ಕೌಂಟರ್ ದಾಟಿ ಬಂದಿರುತ್ತದೆ.

ಚೀಟಿ ಇಲ್ಲದೆ ಆ ಗುಳಿಗೆ ಕೊಡುವಂತಿಲ್ಲ. ಆಲ್ಪ್ರಜೋಲಾಮ್, ಜೋಲ್ಪಿಡೆಮ್ ಎಲ್ಲ ಎಚ್1 ಪಟ್ಟಿಯ ಔಷಧಿಗಳು. ಬರೆದುಕೊಟ್ಟ ಡಾಕ್ಟರ್ ಯಾರು, ರೋಗಿ ಯಾರು, ಎಷ್ಟು ಕೊಟ್ಟೆ ಎಂಬುದನ್ನೆಲ್ಲ ಬೇರೆ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಕಾಪಾಡಬೇಕು. ಹಾಗಾಗಿ ಗುಳಿಗೆ ಬದಲು ಮೂರು ಪ್ರಶ್ನೆ ಕೇಳುತ್ತೇನೆ. ಕೊನೇದು ಎಷ್ಟೊತ್ತಿಗೆ ಸೇದಿದಿರಿ? ನಡುರಾತ್ರಿ ಎಚ್ಚರ ಆದರೆ ಸೇದ್ತೀರಾ? ಬೆಳಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲನೇದು?

ನೀವೂ ಮೊದಲು ಮಾಡಬೇಕಾದ್ದು ಇದನ್ನೇ. ಗೋಡೆ ಕ್ಯಾಲೆಂಡರಿನ ಹಿಂದೆ ಒಂದು ವಾರ ಬರೆದಿಡಿ: ಕೊನೇ ಬೀಡಿ ಅಥವಾ ಸಿಗರೇಟು, ಮಲಗಿದ ಹೊತ್ತು, ಎಚ್ಚರವಾದ ಹೊತ್ತು, ಎಚ್ಚರವಾದಾಗ ಏನು ಮಾಡಿದಿರಿ, ಸಂಜೆ ಮೇಲೆ ಕುಡಿದ ಚಹಾ ಎಷ್ಟು. ಆ್ಯಪ್ ಏನೂ ಬೇಡ; ರಾತ್ರಿ ಮೊಬೈಲ್ ಕೈಗೆ ಬಂದರೆ ಇರುವ ನಿದ್ದೆಯೂ ಹೋಗುತ್ತದೆ. ಎದ್ದ ಅರ್ಧ ಗಂಟೆಯೊಳಗೆ ಮೊದಲನೇದು ಬೇಕೇ ಬೇಕು ಅನ್ನಿಸಿದರೆ ಚಟ ಆಳಕ್ಕೆ ಇಳಿದಿದೆ ಎಂದು ತಿಳಿಯಿರಿ. ಅಂಥವರಿಗೆ ರಾತ್ರಿಯ ತೊಂದರೆಯೂ ಹೆಚ್ಚು.

“ಸೇದಿದ್ರೆ ಮೈ ಹಗುರಾಗಿ ನಿದ್ದಿ ಬರ್ತತಿ” ಅನ್ನುವವರೇ ಎಲ್ಲ. ಹಗುರಾಗುವುದು ನಿಜ. ಆದರೆ ಅದು ಹೊಸ ಸಾಲ ತಂದು ಹಳೇ ಸಾಲದ ಬಡ್ಡಿ ಕಟ್ಟಿದ ಹಗುರ. ಹಿಂದಿನ ಬೀಡಿಯ ನಿಕೋಟಿನ್ ಇಳಿದು ಹುಟ್ಟಿದ ಚಡಪಡಿಕೆಯನ್ನು ಈ ಬೀಡಿ ಶಮನ ಮಾಡಿತು, ಅಷ್ಟೆ. ನಿಕೋಟಿನ್ ಸ್ವಭಾವತಃ ಎಚ್ಚರ ಇಡುವ ವಸ್ತು. ಎದೆಬಡಿತ, ಬಿಪಿ ಎರಡನ್ನೂ ಏರಿಸುತ್ತದೆ. ರಕ್ತದಲ್ಲಿ ಅದು ಅರ್ಧಕ್ಕಿಳಿಯಲು ಸುಮಾರು 2 ಗಂಟೆ ಬೇಕು. ಲೆಕ್ಕ ಹಾಕಿ: ರಾತ್ರಿ 10.30ಕ್ಕೆ ಸೇದಿ ಮಲಗಿದರೆ 12.30ಕ್ಕೂ ಅರ್ಧ ಒಳಗೇ ಇರುತ್ತದೆ. ಹಾಗಾಗಿ ನಿದ್ದೆ ಹತ್ತುವುದು ತಡ, ಹತ್ತಿದರೂ ತೆಳು. ಮೂರು ಗಂಟೆ ಸುಮಾರಿಗೆ ನಿಕೋಟಿನ್ ಬಹುಪಾಲು ಇಳಿದಾಗ ಮಿದುಳು “ಎಲ್ಲಿ?” ಅಂತ ಎಬ್ಬಿಸುತ್ತದೆ.

“ಇಪ್ಪತ್ತೈದರಾಗೂ ಇಷ್ಟೇ ಸೇದ್ತಿದ್ದೆ, ಆಗ ಬರ್ತಿತ್ತಲ್ರೀ ನಿದ್ದಿ?” ಎಂದು ಒಬ್ಬ ಲಾರಿ ಮಾಲೀಕರು ಜಗಳಕ್ಕೇ ನಿಂತಿದ್ದರು. ಪ್ರಶ್ನೆ ಸರಿಯಾಗಿಯೇ ಇದೆ. ನಲವತ್ತು ದಾಟಿದ ಮೇಲೆ ಗಾಢ ನಿದ್ದೆ ತಾನಾಗಿಯೇ ಕಡಿಮೆಯಾಗುತ್ತ ಬರುತ್ತದೆ. ಗಂಡಸರಿಗೆ ಪ್ರಾಸ್ಟೇಟ್ ದಪ್ಪವಾಗಿ ರಾತ್ರಿ ಮೂತ್ರಕ್ಕೆ ಏಳುವುದು ಶುರು, ಹೆಂಗಸರಿಗೆ ಮುಟ್ಟು ನಿಲ್ಲುವ ಕಾಲದ ಬಿಸಿ, ಬೆವರು. ಇಪ್ಪತ್ತೈದರಲ್ಲಿ ಇಂಥ ಎಚ್ಚರಗಳೇ ಇರಲಿಲ್ಲ. ಈಗ ಒಮ್ಮೆ ಎಚ್ಚರವಾದರೆ ಮತ್ತೆ ಮಲಗಲು ಬಿಡದಂತೆ ನಿಕೋಟಿನ್ ಕಾದು ಕೂತಿರುತ್ತದೆ.

ಬೀಡಿ ಸಣ್ಣದು, ತಂಬಾಕು ಕಡಿಮೆ, ಹಾಗಾಗಿ ಸೌಮ್ಯ ಎಂಬ ನಂಬಿಕೆ ಬಿಡಿ. ಬೀಡಿ ಸುತ್ತುವ ತೆಂದು ಎಲೆಯೊಳಗೆ ಗಾಳಿ ಸರಿಯಾಗಿ ಆಡುವುದಿಲ್ಲ. ಆರಿಹೋಗದಂತೆ ಮೇಲಿಂದ ಮೇಲೆ ಜೋರಾಗಿ ಎಳೆಯಲೇಬೇಕು. ಕಡ್ಡಿಪುಡಿ, ಹೊಗೆಸೊಪ್ಪು ಹಾಕುವ ಅಕ್ಕಂದಿರೂ ಇದನ್ನು ಓದಿ. ನೀವು ಹೊಗೆ ಬಿಡದೇ ಇರಬಹುದು, ನಿಕೋಟಿನ್ ಅದೇ. ದವಡೆಯಲ್ಲಿ ಇಟ್ಟುಕೊಂಡೇ ಮಲಗುವವರಿಗೆ ಅದು ಇನ್ನೂ ನಿಧಾನವಾಗಿ, ಇನ್ನೂ ಹೆಚ್ಚು ಹೊತ್ತು ಇಳಿಯುತ್ತಿರುತ್ತದೆ.

ಈಗ ಕೆಲಸಕ್ಕೆ ಬರೋಣ. ಮೊದಲು ಬಿಡಬೇಕಾದ್ದು ನಡುರಾತ್ರಿಯದು. ಅದೊಂದು ಉಳಿದರೆ ಉಳಿದ ಪ್ರಯತ್ನವೆಲ್ಲ ಹೊಳೆಗೆ. ಮೂರು ಗಂಟೆಗೆ ಎದ್ದವರಿಗೆ ಒಂದು ಬೀಡಿ ಸಿಕ್ಕಿದರೆ ಮಿದುಳು ನಾಳೆಯೂ ಅದೇ ಹೊತ್ತಿಗೆ ಎಬ್ಬಿಸಲು ಕಲಿಯುತ್ತದೆ. ಕಟ್ಟು, ಬೆಂಕಿಪೊಟ್ಟಣ ಎರಡೂ ಮನೆಯೊಳಗೆ ಬೇಡ. ಬೈಕಿನ ಡಿಕ್ಕಿಯಲ್ಲಿಡಿ, ಇಲ್ಲವೇ ಅಂಗಡಿಯಲ್ಲೇ ಬಿಟ್ಟು ಬನ್ನಿ. ಎಚ್ಚರವಾದರೆ ದೊಡ್ಡ ದೀಪ ಹಾಕದೆ ಮೂತ್ರ ಮಾಡಿ, ಎರಡು ಗುಟುಕು ನೀರು ಕುಡಿದು ಮಲಗಿ. ಗಡಿಯಾರ ನೋಡಬೇಡಿ. ಹಾಸಿಗೆ ಮೇಲೆ ಕೂತು ಸೇದುವವರಿಗೆ ನಾನು ಹೇಳುವುದು ಬೇರೆಯೇ: ಅರೆನಿದ್ದೆಯಲ್ಲಿ ಕಿಡಿ ಬಿದ್ದರೆ ಹತ್ತಿದ ಹಾಸಿಗೆಗೆ ನೀರು ಹಾಕಲು ನೀವು ಎಚ್ಚರ ಇರುವುದಿಲ್ಲ.

ಆಮೇಲೆ ಕೊನೇದನ್ನು ಹಿಂದಕ್ಕೆ ಸರಿಸಿ. 10.30ರದ್ದು ಎರಡು ಮೂರು ದಿನ 10ಕ್ಕೆ, ಮತ್ತೆ 9.30ಕ್ಕೆ, ಹೀಗೆ ಊಟಕ್ಕಿಂತ ಮೊದಲಿಗೆ ಬರಲಿ. ಊಟದ ನಂತರದ್ದೇ ಎಲ್ಲರಿಗೂ ಕಷ್ಟ. ಕೈ ತೊಳೆದ ತಕ್ಷಣ ಹಲ್ಲುಜ್ಜಿಬಿಡಿ. ನಮ್ಮೂರಲ್ಲಿ ಇನ್ನೊಂದು ಪೀಡೆ ಉಂಟು, ತಡಸಂಜೆಯ ಮಂಡಕ್ಕಿ ಮಿರ್ಚಿ, ಅದರ ಮೇಲೊಂದು ಖಡಕ್ ಚಹಾ, ಅದರ ಮೇಲೊಂದು ಸಿಗರೇಟು. ತಂಬಾಕು ಅನ್ನನಾಳದ ಕೆಳಗಿನ ಬಿಗಿಯನ್ನು ಸಡಿಲ ಮಾಡುತ್ತದೆ. ಮಲಗಿದ ಮೇಲೆ ಹುಳಿ ಗಂಟಲಿಗೇ ಬರುತ್ತದೆ, ನೀವು ಮಾರನೇ ದಿನ ಗ್ಯಾಸ್ ಗುಳಿಗೆಗೆ ನನ್ನ ಹತ್ತಿರ ಬರುತ್ತೀರಿ.

ಹೊತ್ತು ಸರಿಸಿದ್ದು ಬಾಗಿಲು ತೆರೆದ ಹಾಗೆ ಮಾತ್ರ. ಹತ್ತು ಸೇದುವವರು ಐದಕ್ಕಿಳಿಸಿ ಅಲ್ಲೇ ನಿಂತರೆ ನನಗೆ ಸಮಾಧಾನವಿಲ್ಲ, ಏಕೆಂದರೆ ಆ ಐದನ್ನೇ ಆಳವಾಗಿ ಎಳೆದು ಲೆಕ್ಕ ಸರಿದೂಗಿಸುತ್ತಾರೆ. ಒಂದು ತಾರೀಖು ಗೊತ್ತು ಮಾಡಿ ಪೂರ್ತಿ ಬಿಡಿ. ಮದುವೆ, ಜಾತ್ರೆ ಇರುವ ವಾರ ಬೇಡ.

ಬಿಟ್ಟ ಮೊದಲ ವಾರ ನಿದ್ದೆ ಇನ್ನೂ ಕೆಡುತ್ತದೆ. ಇದನ್ನು ಮೊದಲೇ ಯಾರೂ ಹೇಳುವುದಿಲ್ಲ, ಹಾಗಾಗಿ ಜನ “ಬಿಟ್ಟದ್ದಕ್ಕೇ ನಿದ್ದೆ ಹೋಯ್ತು” ಎಂದು ಮತ್ತೆ ಹಚ್ಚುತ್ತಾರೆ. ಎರಡರಿಂದ ನಾಲ್ಕು ವಾರದಲ್ಲಿ ಸಾಮಾನ್ಯವಾಗಿ ತಿಳಿಯಾಗುತ್ತದೆ. ಅಷ್ಟು ದಿನ ಏಳುವ ಹೊತ್ತು ಒಂದೇ ಇರಲಿ, ಹಗಲಿನ ನಿದ್ದೆ ಅರ್ಧ ಗಂಟೆ ಮೀರದಿರಲಿ. ನಿದ್ದೆಗೆಂದು ಒಂದು ಪೆಗ್ ಹಾಕುವ ಯೋಚನೆ ಬೇಡ. ಹೆಂಡ ಮೊದಲ ಜಾವ ಮಲಗಿಸಿ ಎರಡನೇ ಜಾವ ಎಬ್ಬಿಸುತ್ತದೆ, ಜೊತೆಗೆ ಸಿಗರೇಟನ್ನೂ ನೆನಪಿಸುತ್ತದೆ.

ಈ ವಾರಗಳಲ್ಲಿ ನಿದ್ದೆ ಕೆಡಲು ಇನ್ನೊಂದು ಕಾರಣ ಚಹಾ, ಕಾಫಿ. ಔಷಧಿ ಅಂಗಡಿಯವಳಾಗಿ ನನಗೆ ಇದನ್ನು ಹೇಳುವುದರಲ್ಲಿ ವಿಶೇಷ ಆಸೆ. ಹೊಗೆಯಲ್ಲಿರುವ ಟಾರ್ ಅಂಶ ಲಿವರಿನ ಒಂದು ಕಿಣ್ವವನ್ನು ಕೆರಳಿಸುತ್ತದೆ. ಕೆಫೀನನ್ನು ಕರಗಿಸುವುದು ಅದೇ ಕಿಣ್ವ. ಸೇದುವವರ ಮೈ ಸೇದದವರಿಗಿಂತ ಸುಮಾರು ಎರಡು ಪಟ್ಟು ಬೇಗ ಕೆಫೀನ್ ಕರಗಿಸುತ್ತದೆ. ಬಿಟ್ಟ ಒಂದು ವಾರದೊಳಗೆ ಆ ವೇಗ ಇಳಿಯುತ್ತದೆ. ನೀವು ಮಾತ್ರ ಮೊದಲಿನಷ್ಟೇ ಚಹಾ ಕುಡಿಯುತ್ತಿರುತ್ತೀರಿ, ಒಳಗೆ ಅದು ದುಪ್ಪಟ್ಟಾಗಿ ನಿಲ್ಲುತ್ತದೆ. ಕೈ ನಡುಕ, ಎದೆ ಡವಡವ, ನಿದ್ದೆ ಇಲ್ಲ. ಎಲ್ಲವನ್ನೂ ಬೀಡಿ ಬಿಟ್ಟದ್ದರ ತಲೆಗೆ ಕಟ್ಟುತ್ತೀರಿ. ಬಿಟ್ಟ ದಿನದಿಂದಲೇ ಚಹಾ ಕಾಫಿ ಅರ್ಧ ಮಾಡಿ, ಮಧ್ಯಾಹ್ನದ ಮೇಲೆ ಬೇಡವೇ ಬೇಡ. ದಮ್ಮಿಗೆ ಥಿಯೋಫಿಲಿನ್ ಇರುವ ಗುಳಿಗೆ ನುಂಗುವವರಿಗೂ ಇದೇ ಕತೆ. ಬೀಡಿ ಬಿಟ್ಟರೆ ಆ ಔಷಧಿ ರಕ್ತದಲ್ಲಿ ಏರುತ್ತದೆ. ಬಿಡುವ ಮೊದಲೇ ಡಾಕ್ಟರಿಗೆ ಹೇಳಿ ಡೋಸ್ ಸರಿ ಮಾಡಿಸಿಕೊಳ್ಳಿ.

ಬಿಡಲು ಬಳಸುವ ಔಷಧಿಗಳಿಗೂ ಹೊತ್ತುಗೊತ್ತು ಇದೆ. ನಿಕೋಟಿನ್ ಪ್ಯಾಚ್ ಬೆಳಗ್ಗೆ ಹಚ್ಚಿ. ವಿಚಿತ್ರ ಕನಸು ಬೀಳುತ್ತಿದ್ದರೆ ಮಲಗುವಾಗ ಕಿತ್ತುಬಿಡಿ. ನಿಕೋಟಿನ್ ಗಮ್ಮನ್ನು ಮಕ್ಕಳ ಚೂಯಿಂಗ್ ಗಮ್ ಹಾಗೆ ಜಗಿದರೆ ಬಿಕ್ಕಳಿಕೆ ಗ್ಯಾರಂಟಿ. ನಾಲ್ಕಾರು ಸಲ ಜಗಿದು, ಚುರುಗುಟ್ಟಿದ ಕೂಡಲೇ ಕೆನ್ನೆಯ ಸಂದಿಯಲ್ಲಿಡಿ, ಸಪ್ಪೆಯಾದ ಮೇಲೆ ಮತ್ತೆ ಜಗಿಯಿರಿ. ಅದಕ್ಕೆ ಕಾಲು ಗಂಟೆ ಮೊದಲಿನಿಂದ ಚಹಾ ಕಾಫಿ ಕುಡಿಯಬಾರದು, ಕುಡಿದರೆ ನಿಕೋಟಿನ್ ಸರಿಯಾಗಿ ಹೀರುವುದಿಲ್ಲ. ಮಲಗುವ ಹೊತ್ತಿಗೆ ಗಮ್ ಬೇಡ. ಬುಪ್ರೋಪಿಯಾನ್, ವರೆನಿಕ್ಲಿನ್ ಡಾಕ್ಟರ್ ಬರೆದರೆ ಮಾತ್ರ. ಎರಡೂ ನಿದ್ದೆ ಕೆಡಿಸಬಲ್ಲವು. ಬುಪ್ರೋಪಿಯಾನಿನ ಎರಡನೇ ಗುಳಿಗೆ ಮೊದಲನೇದಾದ 8 ಗಂಟೆಯ ನಂತರ, ಆದರೆ ಮಲಗುವ ಹೊತ್ತಿಗಲ್ಲ. ವರೆನಿಕ್ಲಿನ್‌ನ ಎರಡನೇ ಗುಳಿಗೆಯನ್ನು ರಾತ್ರಿ ಊಟದ ಜೊತೆ ಮುಗಿಸಿ.

ಒಬ್ಬರೇ ಹೆಣಗಬೇಕಿಲ್ಲ. ಪ್ಯಾಕಿನ ಮೇಲಿನ ಆ ಭಯಂಕರ ಚಿತ್ರದ ಜೊತೆಗೇ 1800-11-2356 ಎಂಬ ಉಚಿತ ನಂಬರ್ ಅಚ್ಚಾಗಿರುತ್ತದೆ, ಇಷ್ಟು ವರ್ಷ ನೋಡಿಯೂ ನೋಡದಂತೆ ಇದ್ದೀರಿ. ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದಿಂದ ಕನ್ನಡದಲ್ಲೇ ಮಾತಾಡುತ್ತಾರೆ.

ಇಷ್ಟೆಲ್ಲ ಆದ ಮೇಲೂ ಹಗಲು ತೂಕಡಿಕೆ, ಬೆಳಗ್ಗೆ ತಲೆನೋವು ಇದ್ದರೆ ಗೊರಕೆಯ ಕಡೆ ನೋಡಬೇಕು. ಹೊಗೆಯಿಂದ ಗಂಟಲು ಊದಿ ದಾರಿ ಕಿರಿದಾಗುತ್ತದೆ. ಕೆಲವರಿಗೆ ನಿದ್ದೆಯಲ್ಲಿ ಉಸಿರೇ ಕಟ್ಟಿ ಕಟ್ಟಿ ಬಿಡುತ್ತದೆ. ಇಂಥವರು ಯಾರದೋ ಮನೆಯಿಂದ ತಂದ ನಿದ್ದೆ ಗುಳಿಗೆ ನುಂಗಿದರೆ ಉಸಿರು ಇನ್ನೂ ಮಂದವಾಗುವ ಅಪಾಯವಿದೆ. ಸ್ಟೇರಿಂಗ್ ಹಿಡಿಯುವವರಂತೂ ತಡ ಮಾಡದೆ ಸ್ಲೀಪ್ ಸ್ಟಡಿ, ಅಂದರೆ ಮಲಗಿದಾಗ ಉಸಿರಾಟ ನೋಡುವ ಪರೀಕ್ಷೆ, ಮಾಡಿಸಿ. ಡಾಕ್ಟರ್ ಹತ್ತಿರ ಹೋಗುವ ಮುಂಚೆ ಹೆಂಡತಿಗೆ ಹೇಳಿ ರಾತ್ರಿಯ ಗೊರಕೆಯನ್ನು ಎರಡು ನಿಮಿಷ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಸಿ. “ನಾ ಎಲ್ಲಿ ಗೊರಕಿ ಹೊಡಿತೀನ್ರೀ” ಎಂಬ ವಾದ ಅಲ್ಲಿಗೆ ಮುಗಿಯುತ್ತದೆ, ಡಾಕ್ಟರ ಟೈಮೂ ಉಳಿಯುತ್ತದೆ.