ಮೌಲ್ಯ ಒಂದೇ, ಬೈಟ್ ಬೇರೆ: ಮೆಮ್‌ಕಂಪ್ ಜೊತೆ ನನ್ನ ಅನುಭವ

ಮಣ್ಣಿನ ತೇವಾಂಶ ಅಳೆಯುವ ಒಂದು ಸಣ್ಣ ಉಪಕರಣಕ್ಕೆ ನಾನು ಸಿ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುತ್ತಿದ್ದೆ. ಸರ್ವರ್ ಪ್ರತಿ 10 ನಿಮಿಷಕ್ಕೊಮ್ಮೆ ಸೆಟ್ಟಿಂಗ್‌ಗಳನ್ನು ಕಳುಹಿಸುತ್ತಿತ್ತು. ವಿದ್ಯುತ್ ಹೋದರೂ ಮಾಹಿತಿ ಉಳಿಯುವ ಫ್ಲ್ಯಾಶ್ ಮೆಮೊರಿಯಲ್ಲಿ ಉಳಿಸಿಟ್ಟದ್ದಕ್ಕೂ ಹೊಸದಾಗಿ ಬಂದದ್ದಕ್ಕೂ ವ್ಯತ್ಯಾಸವಿದ್ದರೆ ಮಾತ್ರ ಹಳೆಯ ಪುಟವನ್ನು ಅಳಿಸಿ ಬರೆಯಬೇಕಿತ್ತು. ಆ ಚಿಪ್‌ನ ಫ್ಲ್ಯಾಶ್ ಅಳಿಸಿ ಬರೆಯುವುದನ್ನು 10,000 ಸಲ ತಾಳುತ್ತದೆ ಎಂದು ತಯಾರಕರು ಹೇಳಿದ್ದರು. ದಿನಕ್ಕೆ 144 ಸಲ ಬರೆದರೆ ಅದು 70 ದಿನವೂ ಬಾಳದು. ಆದ್ದರಿಂದ ಹಳೆಯ ಮತ್ತು ಹೊಸ ಸೆಟ್ಟಿಂಗ್‌ಗಳ ಎರಡು ಸ್ಟ್ರಕ್ಚರ್‌ಗಳನ್ನೂ (ಹಲವು ಸದಸ್ಯ ಮೌಲ್ಯಗಳ ಕಟ್ಟು), ಮೆಮೊರಿಯ ಎರಡು ಭಾಗಗಳನ್ನು ಹೋಲಿಸುವ ಸಿ ಫಂಕ್ಷನ್ ಆದ ಮೆಮ್‌ಕಂಪ್‌ಗೆ (memcmp) ಕೊಟ್ಟು, ಎರಡೂ ಒಂದೇ ಎಂಬರ್ಥದ ಸೊನ್ನೆ ಉತ್ತರ ಬಂದರೆ ಸುಮ್ಮನಿರುವಂತೆ ಬರೆದು ನಿಶ್ಚಿಂತನಾದೆ.

ಆದರೆ ಸೆಟ್ಟಿಂಗ್ ಬದಲಾಗದಿದ್ದರೂ ಬರವಣಿಗೆ ಪ್ರತಿ ಸಲವೂ ನಡೆಯುತ್ತಿರುವುದು ಲಾಗ್‌ನಲ್ಲಿ ಕಂಡಿತು. ಸರ್ವರ್ ಕಡೆಯವರನ್ನು ಅನಾವಶ್ಯಕವಾಗಿ ಒಂದು ದಿನ ಕಾಡಿಸಿದ ಮೇಲೆ, ಎರಡೂ ಸ್ಟ್ರಕ್ಚರ್‌ಗಳ ಬೈಟ್‌ಗಳನ್ನು ಹೆಕ್ಸ್‌ನಲ್ಲಿ, ಅಂದರೆ 16ರ ಆಧಾರದ ಅಂಕಿಗಳಲ್ಲಿ, ಮುದ್ರಿಸಿ ನೋಡಿದೆ:

07 00 00 00 58 02 00 00 23 00 00 00
07 11 00 20 58 02 00 00 23 00 00 08

ಮೊದಲ ಬೈಟ್ ಉಪಕರಣದ ಸಂಖ್ಯೆ 7. ಐದನೆಯದರಿಂದ ನಾಲ್ಕು ಬೈಟ್ ಸೇರಿದರೆ (ಇಲ್ಲಿ ಕಿರಿಯ ಬೈಟ್ ಮೊದಲು ಬರುತ್ತದೆ) 600 ಸೆಕೆಂಡಿನ ಅವಧಿ. ಅದರ ಮುಂದಿನ ಎರಡು ಬೈಟ್ ತೇವಾಂಶದ ಮಿತಿಯಾದ 35. ಮೂರೂ ಎರಡು ಸಾಲಿನಲ್ಲಿಯೂ ಒಂದೇ. ನಿಜವಾದ ಮಾಹಿತಿ 7 ಬೈಟ್ ಮಾತ್ರ. ಉಳಿದ 5 ಬೈಟ್‌ಗಳು, ನಾಲ್ಕು ಬೈಟ್‌ನ ಸಂಖ್ಯೆ ನಾಲ್ಕರಿಂದ ಭಾಗವಾಗುವ ವಿಳಾಸದಲ್ಲಿ ಕೂರಲಿ ಎಂದು ಕಂಪೈಲರ್ ಸೇರಿಸಿದ ಖಾಲಿ ಜಾಗ, ಅಂದರೆ ಪ್ಯಾಡಿಂಗ್. ಹೊಸದಾಗಿ ಬಂದ ಎರಡನೆಯ ಸ್ಟ್ರಕ್ಚರ್, ಫಂಕ್ಷನ್‌ಗಳು ತಾತ್ಕಾಲಿಕವಾಗಿ ಬಳಸುವ ಮೆಮೊರಿಯಾದ ಸ್ಟ್ಯಾಕ್‌ನಲ್ಲಿತ್ತು. ಅಲ್ಲಿ ಹಿಂದೆ ಇದ್ದ ಯಾವುದೋ ವಿಳಾಸಗಳ ಚೂರುಗಳೇ ಆ 11, 20 ಮತ್ತು 08. ನನ್ನ ಚಿಪ್‌ನಂಥ ಆರ್ಮ್ ಕಾರ್ಟೆಕ್ಸ್-ಎಂ ಚಿಪ್‌ಗಳಲ್ಲಿ ರ್‍ಯಾಮ್‌ನ ವಿಳಾಸ ಹೆಕ್ಸ್ 20ರಿಂದ ಆರಂಭವಾಗುವುದನ್ನು ಬಲ್ಲವರಿಗೆ ಆ 20 ಕಂಡೊಡನೆ ಗುರುತು ಸಿಗುತ್ತದೆ. ಮೆಮ್‌ಕಂಪ್‌ಗೆ ಸದಸ್ಯ ಯಾವುದು, ಪ್ಯಾಡಿಂಗ್ ಯಾವುದು ಎಂಬುದು ಗೊತ್ತೇ ಇಲ್ಲ. ಅದು ಬೈಟ್‌ಗಳನ್ನು ಚಿಹ್ನೆಯಿಲ್ಲದ ಸಂಖ್ಯೆಗಳೆಂದು ತಿಳಿದು ಮೊದಲಿನಿಂದ ಒಂದೊಂದಾಗಿ ಹೋಲಿಸುತ್ತದೆ, ಅಷ್ಟೇ.

ಮೊದಲು ಸ್ಟ್ರಕ್ಚರನ್ನು ಮೆಮ್‌ಸೆಟ್‌ನಿಂದ ಸೊನ್ನೆ ಮಾಡಿ ಆಮೇಲೆ ತುಂಬಿದೆ. ಕೆಲಸ ಮಾಡಿತು, ಆದರೆ ಸಮಾಧಾನವಾಗಲಿಲ್ಲ. ಸದಸ್ಯಕ್ಕೆ ಬೆಲೆ ತುಂಬಿದ ಮೇಲೆ ಪ್ಯಾಡಿಂಗ್‌ನಲ್ಲಿ ಏನಿರುತ್ತದೆ ಎಂಬುದಕ್ಕೆ ಸಿ ಮಾನಕವೇ ಖಾತ್ರಿ ಕೊಡುವುದಿಲ್ಲ. ಕೊನೆಗೆ ಸದಸ್ಯಗಳನ್ನು ಒಂದೊಂದಾಗಿ ಹೋಲಿಸುವ ಪುಟ್ಟ ಫಂಕ್ಷನ್ ಬರೆದೆ. ದಶಮಾಂಶ ಸಂಖ್ಯೆಗಳಿದ್ದರಂತೂ ಇದೇ ದಾರಿ, ಏಕೆಂದರೆ ಧನ ಸೊನ್ನೆ ಮತ್ತು ಋಣ ಸೊನ್ನೆ ಮೌಲ್ಯದಲ್ಲಿ ಸಮವಾದರೂ ಬೈಟ್‌ನಲ್ಲಿ ಬೇರೆ.

ಅದೇ ವಾರ ಹಳೆಯ ಕೋಡ್ ಜಾಲಾಡಿದಾಗ ನನ್ನದೇ ಇನ್ನೆರಡು ತಪ್ಪುಗಳು ಸಿಕ್ಕವು. ಪೂರ್ಣಾಂಕಗಳನ್ನು ಮೆಮ್‌ಕಂಪ್‌ನಿಂದ ವಿಂಗಡಿಸಿದ್ದೆ. ಕಿರಿಯ ಬೈಟ್ ಮೊದಲು ಬರುವ ಯಂತ್ರದಲ್ಲಿ 256 ಎಂಬುದು 00 01, 1 ಎಂಬುದು 01 00 ಆಗುವುದರಿಂದ 1 ದೊಡ್ಡದೆಂದು ತೀರ್ಮಾನವಾಗುತ್ತಿತ್ತು. ಇನ್ನೊಂದು ಕಡೆ ಉತ್ತರವನ್ನು 1ಕ್ಕೆ ಸಮವೇ ಎಂದು ಪರೀಕ್ಷಿಸಿದ್ದೆ. ಮಾನಕ ಹೇಳುವುದು ಸೊನ್ನೆಗಿಂತ ಕಡಿಮೆ, ಸೊನ್ನೆ ಅಥವಾ ಹೆಚ್ಚು ಎಂದು ಮಾತ್ರ. ಆ ಉತ್ತರವನ್ನು ಒಂದೇ ಬೈಟ್‌ಗೆ ಇಳಿಸಿಕೊಂಡಾಗ, ಉಳಿದ ಬೈಟ್ ಸೊನ್ನೆಯಾದರೆ ಸಮವೆಂದೇ ಕಾಣುವುದರಿಂದ, ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್‌ನ ಕೆಲವು ಆವೃತ್ತಿಗಳಲ್ಲಿ ಸುಮಾರು 256 ಪ್ರಯತ್ನಕ್ಕೊಮ್ಮೆ ತಪ್ಪು ಪಾಸ್‌ವರ್ಡ್‌ಗೂ ಬಾಗಿಲು ತೆರೆಯುತ್ತಿದ್ದುದು 2012ರಲ್ಲಿ ಬಯಲಾಗಿತ್ತು.

ನನ್ನ ಹೊಸ ಫಂಕ್ಷನ್‌ಗೂ ಒಂದು ಕೊರತೆಯಿತ್ತು. ಸದಸ್ಯ ಸೇರಿಸಿದವರು ಹೋಲಿಕೆಯನ್ನು ಮರೆಯದಿರಲಿ ಎಂದು, ಸ್ಟ್ರಕ್ಚರ್‌ನ ಗಾತ್ರ 12 ಅಲ್ಲದಿದ್ದರೆ ಕಂಪೈಲ್ ಆಗದಂತೆ ಮಾಡಿದ್ದೆ. ಕೆಲವು ತಿಂಗಳ ನಂತರ ನಾನೇ ಒಂದು ಬೈಟ್‌ನ ಸದಸ್ಯವನ್ನು ಸೇರಿಸಿದೆ. ಅದು ಪ್ಯಾಡಿಂಗ್‌ನ ಜಾಗದಲ್ಲೇ ಕುಳಿತು ಗಾತ್ರ 12 ಆಗಿಯೇ ಉಳಿಯಿತು. ಈಗ ಸದಸ್ಯಗಳ ಪಟ್ಟಿಯನ್ನು ಒಂದೇ ಮ್ಯಾಕ್ರೋದಲ್ಲಿ (ಕಂಪೈಲ್ ಆಗುವ ಮುನ್ನ ಕೋಡ್ ಆಗಿ ಹಿಗ್ಗುವ ಹೆಸರು) ಬರೆದು, ಸ್ಟ್ರಕ್ಚರ್ ಮತ್ತು ಹೋಲಿಕೆ ಎರಡನ್ನೂ ಅದರಿಂದಲೇ ಹುಟ್ಟಿಸುತ್ತಿದ್ದೇನೆ.