ಪ್ರಬಂಧದಿಂದ ‘ಇಂದಿನ ಆಧುನಿಕ ಯುಗ’ ಓಡಿಸಿದ್ದು ಹೀಗೆ

ಪ್ರಬಂಧ ಅಂದರೆ ಸಾಕು, ನಮ್ಮ ಒಂಬತ್ತನೇ ಕ್ಲಾಸಿನ ಮಕ್ಕಳು ಗೈಡ್ ಬಾಯಿಪಾಠ ಮಾಡಿಕೊಂಡು ಬರುತ್ತಿದ್ದರು. ಗ್ರಂಥಾಲಯವಿರಲಿ, ಪರಿಸರ ಮಾಲಿನ್ಯವಿರಲಿ, ಎಲ್ಲರದ್ದೂ ‘ಇಂದಿನ ಆಧುನಿಕ ಯುಗದಲ್ಲಿ’ ಅಂತಲೇ ಶುರು. ತಿದ್ದಿ ತಿದ್ದಿ ಸಾಕಾಗಿತ್ತು.

ಕೊನೆಗೆ ವಿಷಯವನ್ನೇ ಬದಲಾಯಿಸಿದೆ. ‘ಡೇರಿಯಲ್ಲಿ ಹಾಲಿಗೆ ಬೆಲೆ ಕಟ್ಟುವುದು ಹೇಗೆ?’ ಕ್ಲಾಸಿನಲ್ಲಿ ಸುಮಾರು ಮಕ್ಕಳು ಬೆಳಿಗ್ಗೆ ಡೇರಿಗೆ ಹಾಲು ಹಾಕಿಯೇ ಬರುವವರು, ಗೈಡಿನಲ್ಲಂತೂ ಇದು ಸಿಗುವುದಿಲ್ಲ! ಆದರೆ ಮೊದಲು ಬರೆಯಲು ಬಿಡಲಿಲ್ಲ. ಡೇರಿ ನೋಡದ ಪಕ್ಕದವರಿಗೆ ಬಾಯಲ್ಲೇ ಹೇಳಿ ಅಂದೆ, ಕೇಳುವವರು ಅರ್ಥವಾಗದ ಕಡೆಯಲ್ಲೆಲ್ಲ ‘ಯಾಕೆ?’ ಅನ್ನಬೇಕು. ಹಾಲಿನ ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರನ್ನು ಹಾಲಿನೊಳಗೆ ಯಾಕೆ ಬಿಡುತ್ತಾರೆ? ನೀರು ಬೆರೆತರೆ ಹಾಲಿನ ಸಾಂದ್ರತೆ ಕಡಿಮೆಯಾಗಿ ಅದು ಜಾಸ್ತಿ ಮುಳುಗುತ್ತದೆ, ರೀಡಿಂಗ್ ಇಳಿಯುತ್ತದೆ. ಫ್ಯಾಟ್ ಯಾಕೆ ನೋಡುತ್ತಾರೆ? ಆ ಪ್ರಶ್ನೆಗಳನ್ನೇ ಬೋರ್ಡ್ ಮೇಲೆ ಬರೆದೆ. ಒಂದೊಂದು ಉತ್ತರ ಒಂದೊಂದು ಪ್ಯಾರಾ ಆಯಿತು.

ಪೀಠಿಕೆಯನ್ನು ಕೊನೆಗೆ ಬರೆಸಿದೆ, ನನ್ನ ಪ್ರಕಾರ ಅರ್ಧ ಕೆಲಸ ಆಗಿದ್ದು ಇದರಿಂದಲೇ. ಏನು ಹೇಳಿದ್ದೇವೆ ಅಂತ ಗೊತ್ತಿದ್ದರೆ ತಾನೇ ಪೀಠಿಕೆ ಬರೆಯಲು ಬರುವುದು, ಅಲ್ವಾ?

‘ಹಾಲು ಅಮೃತಕ್ಕೆ ಸಮಾನ’ ಥರದ ಸಾಲು ಈಗಲೂ ನುಸುಳುತ್ತದೆ. ಇದು ಯಾವ ಪ್ರಶ್ನೆಗೆ ಉತ್ತರ ಅಂತ ಕೇಳುತ್ತೇನೆ, ಸುಮ್ನೆ ನಕ್ಕು ಅವರೇ ಹೊಡೆದು ಹಾಕುತ್ತಾರೆ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಅನ್ನೋ ಉಪಶೀರ್ಷಿಕೆಗಳನ್ನು ಪರೀಕ್ಷೆಗಾಗಿ ಆಮೇಲೆ ಹಾಕಿಸುತ್ತೇನೆ.