ಯುದ್ಧಾನಂತರದ ಬ್ರಿಟನ್ನಿನಲ್ಲಿ ‘ಒಮ್ಮತ’ ಇತ್ತೇ? ಈ ಪ್ರಶ್ನೆಗೆ ಉತ್ತರ ಬರೆಯುವ ಬಗೆ

ಇತಿಹಾಸದ ವಿದ್ಯಾರ್ಥಿಗಳು ಈ ಪ್ರಶ್ನೆ ಕಂಡ ಕೂಡಲೇ ಸಾಮಾಜಿಕ ಭದ್ರತೆಯ ನೀಲನಕ್ಷೆಯಾದ 1942ರ ಬೆವರಿಜ್ ವರದಿಯಿಂದ ಶುರುಮಾಡಿ ಕನ್ಸರ್ವೇಟಿವ್ ನಾಯಕಿ ಥ್ಯಾಚರ್ ಗೆದ್ದ 1979ಕ್ಕೆ ಮುಗಿಸುತ್ತಾರೆ. ನಡುವಿನ ಅವಧಿಯಲ್ಲಿ ಲೇಬರ್, ಕನ್ಸರ್ವೇಟಿವ್ ಪಕ್ಷಗಳೆರಡೂ ಒಂದೇ ದಾರಿ ಹಿಡಿದವು ಎಂದು ಬರೆದುಬಿಡುತ್ತಾರೆ. ಉತ್ತರ ಸಪ್ಪೆಯಾಗುವುದು ಅಲ್ಲೇ. ಒಮ್ಮತವನ್ನು ಭಾಷಣಗಳಲ್ಲಿ ಹುಡುಕಬೇಡಿ. ಸರ್ಕಾರ ಬದಲಾದ ಮೇಲೆ ಹಿಂದಿನವರ ಕಾಯ್ದೆ ಏನಾಯಿತು ಎಂದು ನೋಡಿ.

ಮೊದಲು ಒಂದು ಹಾಳೆಯಲ್ಲಿ ಸರ್ಕಾರ ಒಂದು ಪಕ್ಷದಿಂದ ಇನ್ನೊಂದಕ್ಕೆ ಹೋದ 1951, 1964, 1970, 1974 ಎಂದು ನಾಲ್ಕು ಕಂಬ ಎಳೆಯಿರಿ. ಎಡಬದಿಯಲ್ಲಿ ಕಲ್ಲಿದ್ದಲು, ಉಕ್ಕು, ಆರೋಗ್ಯ, ಕಾರ್ಮಿಕ ಸಂಘಗಳು ಎಂದು ಬರೆಯಿರಿ. ಪ್ರತಿ ಮನೆಯಲ್ಲೂ ‘ಉಳಿಯಿತು’, ‘ತಿದ್ದಿದರು’, ‘ರದ್ದಾಯಿತು’ ಇವುಗಳಲ್ಲಿ ಒಂದನ್ನು ತುಂಬಿ.

ಕಲ್ಲಿದ್ದಲಿನ ಸಾಲು ಸುಲಭ. 1947ರ ಜನವರಿ 1ರಂದು ಗಣಿಗಳು ಸರ್ಕಾರದ ಕೈಗೆ ಬಂದವು. 1951ರಿಂದ 1964ರವರೆಗೆ ಆಳಿದ ಕನ್ಸರ್ವೇಟಿವ್ ಸರ್ಕಾರ ಅದನ್ನು ಹಾಗೆಯೇ ಬಿಟ್ಟಿತು. ಉಕ್ಕಿನ ಸಾಲಿಗೆ ಬಂದರೆ ಕಥೆಯೇ ಬೇರೆ. 1951ರಲ್ಲಿ ಲೇಬರ್ ವಶಕ್ಕೆ ತೆಗೆದುಕೊಂಡಿತು, 1953ರಲ್ಲಿ ಮರಳಿ ಮಾರುವ ಕಾಯ್ದೆ ಬಂತು, 1967ರಲ್ಲಿ ಮತ್ತೆ ರಾಷ್ಟ್ರೀಕರಣವಾಯಿತು. ಪಕ್ಷಗಳು ಅವೇ, ಕಾಲವೂ ಅದೇ, ಫಲಿತಾಂಶ ಮಾತ್ರ ಎರಡು. ಹಳೆಯ ಗಣಿಗಳು ಭಾರೀ ಬಂಡವಾಳ ಬೇಡುತ್ತಿದ್ದವು, ಉಕ್ಕು ಲಾಭದಲ್ಲಿತ್ತು. ಕಾರಣವನ್ನು ಇಲ್ಲಿಂದ ಹುಡುಕಿ.

ಎಲ್ಲರಿಗೂ ಉಚಿತ ಚಿಕಿತ್ಸೆ ಕೊಡುವ ಸರ್ಕಾರಿ ಆರೋಗ್ಯ ಸೇವೆ 1948ರ ಜುಲೈ 5ರಂದು ಶುರುವಾಯಿತು ಎಂದಷ್ಟೇ ಬರೆದರೆ ಅರ್ಧ ಉತ್ತರ. 1946ರಲ್ಲಿ ಕನ್ಸರ್ವೇಟಿವರು ಆ ಮಸೂದೆಯ ವಿರುದ್ಧ ಮತ ಹಾಕಿದ್ದರು. ಅಧಿಕಾರಕ್ಕೆ ಬಂದಾಗ ಕೆಡವಲಿಲ್ಲ. 1951ರ ಚುನಾವಣೆಯ ಲೆಕ್ಕ ಪಕ್ಕದಲ್ಲಿಟ್ಟರೆ ಇದು ಅರ್ಥವಾಗುತ್ತದೆ: ಲೇಬರ್‌ಗೆ ಸುಮಾರು 1.39 ಕೋಟಿ ಮತ, 295 ಸ್ಥಾನ. ಕನ್ಸರ್ವೇಟಿವರಿಗೆ ಸುಮಾರು 1.37 ಕೋಟಿ ಮತ, 321 ಸ್ಥಾನ. ಕಡಿಮೆ ಮತ ಪಡೆದು ಗೆದ್ದವರಿಗೆ ಜನಪ್ರಿಯ ಸೇವೆಯನ್ನು ಮುಟ್ಟುವ ಧೈರ್ಯ ಎಲ್ಲಿಂದ ಬರಬೇಕು?

ಈ ಉಚಿತ ಸೇವೆಗೆ ಶುಲ್ಕ ಹಾಕುವ ಜಗಳ ಹುಟ್ಟಿದ್ದು ಲೇಬರ್ ಮನೆಯೊಳಗೇ. 1951ರ ಏಪ್ರಿಲ್‌ನಲ್ಲಿ ಹಣಕಾಸು ಸಚಿವ ಗೇಟ್ಸ್‌ಕೆಲ್, ಕೊರಿಯಾ ಯುದ್ಧಕಾಲದ ಸೇನಾ ಖರ್ಚಿನ ಒತ್ತಡದಲ್ಲಿ, ಕಟ್ಟಿಸುವ ಹಲ್ಲು ಮತ್ತು ಕನ್ನಡಕದ ಅರ್ಧ ಬೆಲೆಯನ್ನು ರೋಗಿಗಳ ಮೇಲೆ ಹಾಕಿದರು. ಆರೋಗ್ಯ ಸೇವೆ ಕಟ್ಟಿದ ಬೆವನ್ ರಾಜೀನಾಮೆ ಕೊಟ್ಟರು, ಮುಂದೆ ಪ್ರಧಾನಿಯಾದ ಹೆರಾಲ್ಡ್ ವಿಲ್ಸನ್ ಕೂಡ. ಮುಂದೆ 1952ರಲ್ಲಿ ಕನ್ಸರ್ವೇಟಿವ್ ಸರ್ಕಾರದಿಂದ ಔಷಧ ಚೀಟಿಗೆ ಒಂದು ಶಿಲ್ಲಿಂಗ್ ಬಂತು. ವಿಲ್ಸನ್ ಸರ್ಕಾರವೇ 1965ರಲ್ಲಿ ಆ ಶುಲ್ಕ ತೆಗೆದು 1968ರಲ್ಲಿ ಮತ್ತೆ ಹೇರಿತು.

ಆದ್ದರಿಂದ ರಾಜೀನಾಮೆಗಳಿಗೆ ಇನ್ನೊಂದು ಸಾಲು ಬೇಕೇ ಬೇಕು. 1958ರ ಜನವರಿಯಲ್ಲಿ 5 ಕೋಟಿ ಪೌಂಡ್ ಖರ್ಚು ಕಡಿತಕ್ಕೆ ಸಂಪುಟ ಒಪ್ಪದಿದ್ದಾಗ ಕನ್ಸರ್ವೇಟಿವ್ ಹಣಕಾಸು ಸಚಿವ ಥಾರ್ನಿಕ್ರಾಫ್ಟ್ ಇಬ್ಬರು ಕಿರಿಯ ಸಚಿವರೊಂದಿಗೆ ಹೊರನಡೆದರು. ಪಕ್ಷಗಳ ನಡುವಿನ ಗೆರೆಯನ್ನಷ್ಟೇ ನೋಡುವವರಿಗೆ ಈ ಒಡಕು ಕಾಣುವುದೇ ಇಲ್ಲ.

‘ಬಟ್ಸ್‌ಕೆಲಿಸಂ’ ಪದ ಬಳಸುವಾಗ ಎಚ್ಚರ. ಎರಡೂ ಪಕ್ಷಗಳ ಆರ್ಥಿಕ ನೀತಿ ಒಂದೇ ಎಂದು ಹೇಳಲು, ಕನ್ಸರ್ವೇಟಿವ್ ಹಣಕಾಸು ಸಚಿವ ಬಟ್ಲರ್ ಮತ್ತು ಅವರ ಹಿಂದಿನ ಲೇಬರ್ ಹಣಕಾಸು ಸಚಿವ ಗೇಟ್ಸ್‌ಕೆಲ್ ಹೆಸರುಗಳನ್ನು ಬೆಸೆದು 1954ರಲ್ಲಿ ಒಂದು ವಾರಪತ್ರಿಕೆ ಹುಟ್ಟಿಸಿದ ಪದ ಅದು. ಇದೇ ಬಟ್ಲರ್ 1952ರಲ್ಲಿ ಪೌಂಡ್‌ನ ಸ್ಥಿರ ದರ ಕೈಬಿಡುವ ‘ರೋಬಾಟ್’ ಯೋಜನೆ ತಂದಿದ್ದರು, ಸಂಪುಟ ಒಪ್ಪಲಿಲ್ಲ. ಪದ ಬರೆದರೆ ಇದನ್ನೂ ಬರೆಯಿರಿ.

ಕಾರ್ಮಿಕ ಸಂಘಗಳ ಸಾಲನ್ನು ಚುಟುಕಾಗಿ ಮುಗಿಸಬಹುದು: ಸಂಘಗಳಿಗೆ ಕಡಿವಾಣ ಹಾಕುವ ಲೇಬರ್ ಸಚಿವೆ ಬಾರ್ಬರಾ ಕ್ಯಾಸಲ್ ಸುಧಾರಣೆಗೆ 1969ರಲ್ಲಿ ಸ್ವಪಕ್ಷದಲ್ಲೇ ಸೋಲು, 1971ರಲ್ಲಿ ಅದೇ ಉದ್ದೇಶದ ಕನ್ಸರ್ವೇಟಿವ್ ಪ್ರಧಾನಿ ಹೀತ್‌ರ ಕಾಯ್ದೆ, 1974ರಲ್ಲಿ ಲೇಬರ್‌ನಿಂದ ಅದರ ರದ್ದು. ಒಮ್ಮತ 1979ರಲ್ಲಿ ಒಂದೇ ಏಟಿಗೆ ಮುರಿಯಿತು ಎಂದು ಬರೆಯುವ ಮುನ್ನ 1974ರ ಕಂಬದ ಕೆಳಗೆ ಇದನ್ನು ಸೇರಿಸಿ: 1976ರಲ್ಲಿ ಐಎಂಎಫ್‌ನಿಂದ 390 ಕೋಟಿ ಡಾಲರ್ ಸಾಲ ಕೇಳಿ, ಅದಕ್ಕಾಗಿ ಸರ್ಕಾರಿ ಖರ್ಚು ಕಡಿದದ್ದು ಕ್ಯಾಲಹನ್‌ರ ಲೇಬರ್ ಸರ್ಕಾರ.